ಡಿಸ್ಕಿಗೊಂದು ಬೀಗ, ಫೋಲ್ಡರಿಗೊಂದು ಬೀಗ: ಲಿನಕ್ಸ್‌ನಲ್ಲಿ ಎರಡನ್ನೂ ಸರಿಯಾಗಿ ಹಾಕುವುದು ಹೇಗೆ

ಲ್ಯಾಪ್‌ಟಾಪ್ ಬಸ್ಸಿನಲ್ಲಿ ಬಿಟ್ಟುಹೋದರೆ ಒಂದು ಚಿಂತೆ. ಅದೇ ಲ್ಯಾಪ್‌ಟಾಪ್ ಸ್ಕ್ರೀನ್ ಹೋಯಿತೆಂದು ರಿಪೇರಿ ಅಂಗಡಿಯ ಮೇಜಿನ ಮೇಲೆ ನಾಲ್ಕು ದಿನ ಕೂತರೆ ಬೇರೆಯೇ ಚಿಂತೆ. ಮೊದಲನೆಯದಕ್ಕೆ ಇಡೀ ಡಿಸ್ಕನ್ನು ಎನ್‌ಕ್ರಿಪ್ಟ್ ಮಾಡಿದರೆ, ಅಂದರೆ ಕೀಲಿ ಇಲ್ಲದವರಿಗೆ ಓದಲಾಗದಂತೆ ಗುಪ್ತರೂಪಕ್ಕೆ ತಿರುಗಿಸಿದರೆ, ಸಾಕು. ಎರಡನೆಯದಕ್ಕೆ ಅದು ಸಾಲುವುದಿಲ್ಲ. "ಪಾಸ್‌ವರ್ಡ್ ಕೊಡಿ ಸರ್, ಬೂಟ್ ಮಾಡಿ ನೋಡ್ಬೇಕು" ಅಂತ ಅಂಗಡಿಯವರು ಕೇಳಿಯೇ ಕೇಳುತ್ತಾರೆ. ನಾವು ಕೊಟ್ಟೂ ಬಿಡುತ್ತೇವೆ, ಅಲ್ವಾ?

ಈ ಲೇಖನ ಬರೆಯುವಾಗ ನನ್ನ ಕಣ್ಣೆದುರು ಇರುವುದು ಉಡುಪಿಯ ಕೋರ್ಟಿನ ಹತ್ತಿರ ಒಂದೇ ಕೋಣೆಯಲ್ಲಿ ನಡೆಯುವ ವಕೀಲರ ಕಚೇರಿ. ಸೀನಿಯರ್ ಒಬ್ಬರು, ಇಬ್ಬರು ಜೂನಿಯರ್, ಒಬ್ಬ ಗುಮಾಸ್ತ. ಒಂದೇ ಲ್ಯಾಪ್‌ಟಾಪ್, ಅದರಲ್ಲಿ ಲಿನಕ್ಸ್. ಪಹಣಿ, ಆಧಾರ್ ಪ್ರತಿ, ಮೂಲಗೇಣಿ ಪತ್ರ, ಪಾಲುಪಟ್ಟಿ, ಕುಮ್ಕಿ ಜಾಗದ ತಕರಾರು, ಎಲ್ಲ ಅದರೊಳಗೆ. ವಾರದಲ್ಲಿ ಒಂದೆರಡು ಸಲ ಅದು ಎಕ್ಸ್‌ಪ್ರೆಸ್ ಬಸ್ಸು ಹತ್ತಿ ಮಂಗಳೂರಿಗೂ ಹೋಗುತ್ತದೆ. ಡಾಕ್ಟರ ಕ್ಲಿನಿಕ್ ಆದರೂ, ಫೋಟೋ ಸ್ಟುಡಿಯೋ ಆದರೂ ಕೆಲಸ ಇದೇ.

ಯಾವ ಬೀಗ ಏನನ್ನು ಕಾಯುತ್ತದೆ

ಲಿನಕ್ಸ್‌ನ ತಿರುಳಾದ ಕರ್ನಲ್‌ನಲ್ಲಿ ಎನ್‌ಕ್ರಿಪ್ಷನ್ ಎರಡು ಬೇರೆ ಬೇರೆ ಜಾಗದಲ್ಲಿ ನಡೆಯಬಹುದು. ಒಂದು ಡಿಎಂ-ಕ್ರಿಪ್ಟ್. ಇದು 2004ರಲ್ಲಿ ಕರ್ನಲ್ 2.6.4ರ ಜೊತೆ ಬಂತು. ಡಿಸ್ಕಿನಲ್ಲಿ ಫೈಲುಗಳನ್ನು ಜೋಡಿಸಿಡುವ ವ್ಯವಸ್ಥೆಗೆ ಫೈಲ್‌ಸಿಸ್ಟಂ ಎನ್ನುತ್ತಾರೆ. ಡಿಎಂ-ಕ್ರಿಪ್ಟ್ ಅದರ ಕೆಳಗೆ ಕೂತಿರುತ್ತದೆ. ಫೈಲು, ಫೋಲ್ಡರು ಅಂದರೆ ಏನೆಂದು ಅದಕ್ಕೆ ಗೊತ್ತೇ ಇಲ್ಲ. ಮೇಲಿನಿಂದ ಬಂದ ಸೆಕ್ಟರ್‌ಗಳನ್ನು (ಡಿಸ್ಕಿನ ಪುಟ್ಟ ತುಂಡುಗಳನ್ನು) ಎನ್‌ಕ್ರಿಪ್ಟ್ ಮಾಡಿ ಡಿಸ್ಕಿಗೆ ಬರೆಯುತ್ತದೆ, ಓದುವಾಗ ಬಿಡಿಸಿ ಕೊಡುತ್ತದೆ. ಹಾಗಾಗಿ ಫೈಲಿನ ಹೆಸರು, ಗಾತ್ರ, ತಾರೀಕು, ಅಳಿಸಿದ ಫೈಲಿನ ಚೂರು, ಎಲ್ಲವೂ ಅದರ ಕೆಳಗೆ ಮುಚ್ಚಿಹೋಗುತ್ತದೆ. ಅದರ ಪಾಸ್‌ವರ್ಡು, ಕೀಲಿಗಳ ಲೆಕ್ಕ ಇಡುವ ವ್ಯವಸ್ಥೆಗೆ ಲಕ್ಸ್ (ಇಂಗ್ಲಿಷಿನಲ್ಲಿ ಎಲ್, ಯು, ಕೆ, ಎಸ್) ಎಂದು ಹೆಸರು. ಈಗ ಬಳಕೆಯಲ್ಲಿರುವುದು ಲಕ್ಸ್2.

ಇನ್ನೊಂದು ಎಫ್‌ಎಸ್‌ಕ್ರಿಪ್ಟ್. ಇದು ಫೈಲ್‌ಸಿಸ್ಟಂನ ಒಳಗೇ ಇರುತ್ತದೆ. ಇಎಕ್ಸ್‌ಟಿ4 ಎಂಬ ಫೈಲ್‌ಸಿಸ್ಟಂಗೆ 2015ರಲ್ಲಿ ಕರ್ನಲ್ 4.1ರ ಜೊತೆ ಬಂತು. ಇಲ್ಲಿ ಬೀಗ ಬೀಳುವುದು ಫೋಲ್ಡರಿಗೆ. ಒಂದು ಮೂಲ ಕೀಲಿಯಿಂದ ಪ್ರತಿ ಫೈಲಿಗೂ ಬೇರೆ ಕೀಲಿ ಹುಟ್ಟುತ್ತದೆ. ಫೈಲಿನ ಒಳಗಿನದ್ದು ಮತ್ತು ಹೆಸರು ಮುಚ್ಚಿರುತ್ತದೆ. ಆದರೆ ಗಾತ್ರ, ತಾರೀಕು, ಯಾರ ಫೈಲು, ಫೋಲ್ಡರಿನಲ್ಲಿ ಎಷ್ಟಿವೆ ಎಂಬುದು ಬೀಗ ಹಾಕಿದ ಮೇಲೂ ಕಾಣುತ್ತದೆ.

ಎರಡನ್ನೂ ಹಾಕಿದಾಗ ಫೈಲಿನ ಬೈಟ್‌ಗಳು ಮೊದಲು ಎಫ್‌ಎಸ್‌ಕ್ರಿಪ್ಟ್ ಕೈಯಲ್ಲಿ, ಆಮೇಲೆ ಡಿಎಂ-ಕ್ರಿಪ್ಟ್ ಕೈಯಲ್ಲಿ, ಹೀಗೆ ಎರಡು ಸಲ ಎನ್‌ಕ್ರಿಪ್ಟ್ ಆಗುತ್ತವೆ. ಇದನ್ನು ಕೇಳಿದ ಕೂಡಲೇ "ಹಾಗಾದ್ರೆ ಡಬಲ್ ಗಟ್ಟಿ" ಅನ್ನುವವರು ಜಾಸ್ತಿ. ಅದಲ್ಲ ವಿಷಯ. ಎನ್‌ಕ್ರಿಪ್ಟ್ ಮಾಡುವ ಎಇಎಸ್ ವಿಧಾನದ ಒಂದು ಪದರವನ್ನೇ ಯಾರೂ ಒಡೆಯಲು ಹೋಗುವುದಿಲ್ಲ, ನಿಮ್ಮ ಪಾಸ್‌ವರ್ಡನ್ನು ಊಹಿಸಲು ನೋಡುತ್ತಾರೆ. ಎರಡು ಪದರ ಬೇಕಾಗುವುದು ಎರಡು ಬೇರೆ ಸಂದರ್ಭಗಳಿಗೆ. ಡಿಎಂ-ಕ್ರಿಪ್ಟ್ ಆಫ್ ಆಗಿರುವ ಯಂತ್ರವನ್ನು ಕಾಯುತ್ತದೆ. ಯಂತ್ರ ಆನ್ ಆಗಿದ್ದಾಗಲೂ ತೆರೆಯದೆ ಬಿಟ್ಟ ಫೋಲ್ಡರನ್ನು ಎಫ್‌ಎಸ್‌ಕ್ರಿಪ್ಟ್ ಕಾಯುತ್ತದೆ.

"ತೆರೆಯದೆ ಬಿಟ್ಟ" ಎಂಬ ಮಾತನ್ನು ಗಮನಿಸಿ. ಹೆಚ್ಚಿನವರು ಎಡವುವುದು ಇಲ್ಲೇ. ಫೋಲ್ಡರನ್ನು ನೀವು ಅನ್‌ಲಾಕ್ ಮಾಡಿದ ಮೇಲೆ ಅದು ನಿಮಗೆ ಮಾತ್ರ ಕಾಣುತ್ತದೆ ಎಂದುಕೊಳ್ಳಬೇಡಿ. ಫೈಲಿನ ಅನುಮತಿ ಇರುವ ಎಲ್ಲರಿಗೂ ಕಾಣುತ್ತದೆ. ಯಂತ್ರದ ಪೂರ್ಣ ಅಧಿಕಾರ ಇರುವ ರೂಟ್ ಖಾತೆಗಂತೂ ಕಂಡೇ ಕಾಣುತ್ತದೆ. ಯಾರು ನೋಡಬಹುದು, ಯಾರು ನೋಡಬಾರದು ಅನ್ನುವುದನ್ನು ನಿರ್ಧರಿಸುವುದು ಹಳೆಯ ಸಿಎಚ್‌ಮಾಡ್, ಅಂದರೆ ಅನುಮತಿ ಬದಲಿಸುವ ಆಜ್ಞೆ. ಆದ್ದರಿಂದ ಫೋಲ್ಡರಿನ ಅನುಮತಿ 700 (ಮಾಲೀಕರಿಗೆ ಮಾತ್ರ) ಇರಲಿ, ಕೆಲಸ ಮುಗಿದ ಕೂಡಲೇ ಲಾಕ್ ಆಗಲಿ. ಈ ಎರಡೂ ಇಲ್ಲದಿದ್ದರೆ ಮೇಲಿನ ಪದರ ಸುಮ್ನೆ ಹೆಸರಿಗೆ.

ಈ ಜೋಡಣೆ ಹೊಸದೇನಲ್ಲ. ನಿಮ್ಮ ಕಿಸೆಯಲ್ಲಿರುವ ಆಂಡ್ರಾಯ್ಡ್ ಫೋನಿನಲ್ಲಿ ಇದೇ ಇದೆ. 2016ರ ಆಂಡ್ರಾಯ್ಡ್ 7ರಲ್ಲಿ ಫೈಲ್ ಮಟ್ಟದ ಎನ್‌ಕ್ರಿಪ್ಷನ್ ಬಂತು. ಗಾತ್ರ, ತಾರೀಕು ಮುಂತಾದವು ಬಯಲಾಗಿ ಉಳಿಯುತ್ತವಲ್ಲ, ಅದಕ್ಕಾಗಿ ಆಂಡ್ರಾಯ್ಡ್ 9ರಲ್ಲಿ ಕೆಳಗೊಂದು ಪದರ ಸೇರಿಸಿದರು. ಅಲ್ಲಿ ಒಂದು ಜಾಣತನ ಇದೆ. ಕೆಳಗಿನ ಪದರಕ್ಕೆ ಡಿಎಂ-ಡಿಫಾಲ್ಟ್-ಕೀ ಎಂದು ಹೆಸರು. ಮೇಲೆ ಆಗಲೇ ಎನ್‌ಕ್ರಿಪ್ಟ್ ಆಗಿ ಬಂದದ್ದನ್ನು ಅದು ಮತ್ತೆ ಮುಟ್ಟುವುದಿಲ್ಲ, ಉಳಿದದ್ದನ್ನು ಮಾತ್ರ ಎನ್‌ಕ್ರಿಪ್ಟ್ ಮಾಡುತ್ತದೆ. ಫೋನಿನ ಬ್ಯಾಟರಿ ಉಳಿಯುತ್ತದೆ. ಆದರೆ "ಇದು ಆಗಲೇ ಎನ್‌ಕ್ರಿಪ್ಟ್ ಆಗಿದೆ" ಎಂದು ಮೇಲಿನ ಪದರ ಹೇಳಿದ್ದನ್ನು ಕೆಳಗಿನದು ನಂಬಲೇಬೇಕು. ಲ್ಯಾಪ್‌ಟಾಪಿನ ಡಿಎಂ-ಕ್ರಿಪ್ಟ್ ಯಾರ ಮಾತನ್ನೂ ನಂಬುವುದಿಲ್ಲ. ಬಂದದ್ದನ್ನೆಲ್ಲ ಎನ್‌ಕ್ರಿಪ್ಟ್ ಮಾಡುತ್ತದೆ. ಸ್ವಲ್ಪ ಸಿಪಿಯು ಖರ್ಚು, ನೆಮ್ಮದಿ ಜಾಸ್ತಿ. ನನಗೆ ಇದೇ ಇಷ್ಟ.

ಶುರು ಮಾಡುವ ಮೊದಲು

ಬ್ಯಾಕಪ್ ತೆಗೆಯಿರಿ. ಅದನ್ನು ಬೇರೆ ಯಂತ್ರದಲ್ಲಿ ತೆರೆದು ನೋಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ನಮ್ಮ ಕರಾವಳಿಯಲ್ಲಿ ಕರೆಂಟಿನ ಕತೆ ಗೊತ್ತಲ್ಲ ಮಾರಾಯ್ರೇ, ಬ್ಯಾಟರಿ ಸತ್ತ ಲ್ಯಾಪ್‌ಟಾಪಿನಲ್ಲಿ ಯುಪಿಎಸ್ ಇಲ್ಲದೆ ಈ ಕೆಲಸಕ್ಕೆ ಕೈ ಹಾಕಬೇಡಿ.

ಎರಡು ವಿಷಯ ನೋಡಿಕೊಳ್ಳಿ. ಒಂದು, ಪ್ರೊಸೆಸರಿನಲ್ಲಿ ಎಇಎಸ್ ಸೌಲಭ್ಯ ಇದೆಯಾ ಎಂದು. /ಪ್ರಾಕ್/ಸಿಪಿಯುಇನ್ಫೋ ಫೈಲಿನ ಫ್ಲ್ಯಾಗ್ಸ್ ಸಾಲಿನಲ್ಲಿ ಎಇಎಸ್ ಎಂಬ ಮೂರಕ್ಷರ ಕಾಣಬೇಕು. ಕಂಡರೆ ಎರಡು ಪದರದ ಭಾರ ಕಚೇರಿ ಕೆಲಸದಲ್ಲಿ ಗೊತ್ತಾಗುವುದೇ ಇಲ್ಲ. ಸಾಟಾ ಎಸ್‌ಎಸ್‌ಡಿ ಸೆಕೆಂಡಿಗೆ ಹೆಚ್ಚೆಂದರೆ 550 ಎಂಬಿ ಕೊಡುತ್ತದೆ, ಪ್ರೊಸೆಸರ್ ಅದಕ್ಕಿಂತ ಮುಂದಿರುತ್ತದೆ. 'ಕ್ರಿಪ್ಟ್‌ಸೆಟಪ್ ಬೆಂಚ್‌ಮಾರ್ಕ್' ಎಂದು ಕೊಟ್ಟರೆ ನಿಮ್ಮ ಯಂತ್ರದ್ದೇ ಲೆಕ್ಕ ಸಿಗುತ್ತದೆ. ಎಇಎಸ್ ಇಲ್ಲದ ಹಳೆಯ ಯಂತ್ರ ಅಥವಾ ರಾಸ್ಪ್‌ಬೆರಿ ಪೈ 4 ಎಂಬ ಪುಟ್ಟ ಕಂಪ್ಯೂಟರ್ ಆದರೆ ಅಡಿಯಾಂಟಮ್ ಎಂಬ ಬೇರೆ ವಿಧಾನ ಇದೆ. ಇದು ಕರ್ನಲ್ 5.0ರಿಂದ ಇದೆ, ಎರಡೂ ಪದರಕ್ಕೆ ಆಗುತ್ತದೆ.

ಎರಡು, ಫೈಲ್‌ಸಿಸ್ಟಂ. ಎಫ್‌ಎಸ್‌ಕ್ರಿಪ್ಟ್ ಎಲ್ಲ ಫೈಲ್‌ಸಿಸ್ಟಂನಲ್ಲೂ ನಡೆಯುವುದಿಲ್ಲ, ಇಲ್ಲಿ ಹೇಳುವ ಕ್ರಮಕ್ಕೆ ಇಎಕ್ಸ್‌ಟಿ4 ಬೇಕು. ಎಕ್ಸ್‌ಎಫ್‌ಎಸ್‌ನಲ್ಲಿ ಇದು ನಡೆಯುವುದಿಲ್ಲ. ಫೆಡೋರಾ ವರ್ಕ್‌ಸ್ಟೇಷನ್ ಹಾಕುವವರು ಹುಷಾರು. 33ನೇ ಆವೃತ್ತಿಯಿಂದ ಅದು ತಾನಾಗಿ ಬಿಟಿಆರ್‌ಎಫ್‌ಎಸ್ ಆರಿಸಿಕೊಳ್ಳುತ್ತದೆ. ಇನ್‌ಸ್ಟಾಲ್ ಮಾಡುವಾಗಲೇ ಕೈಯಾರೆ ಇಎಕ್ಸ್‌ಟಿ4ಕ್ಕೆ ಬದಲಿಸಿ. ಉಬುಂಟು, ಡೆಬಿಯನ್‌ನಲ್ಲಿ ಈ ತಲೆನೋವಿಲ್ಲ. ಕರ್ನಲ್ 5.4 ಅಥವಾ ಅದಕ್ಕಿಂತ ಹೊಸದಿರಲಿ. ಲಾಕ್ ಮಾಡುವ ಕೆಲಸ ಸರಿಯಾಗಿ ನಡೆಯುವ ಎಫ್‌ಎಸ್‌ಕ್ರಿಪ್ಟ್‌ನ ಎರಡನೇ ಪೀಳಿಗೆಯ ಪಾಲಿಸಿ (ಬೀಗದ ನಿಯಮಗಳು) ಬಂದದ್ದು ಅದರಲ್ಲೇ.

ಇನ್ನೊಂದು ಮಾತು. ಆಜ್ಞೆಗಳನ್ನು ಇಲ್ಲಿ ಕನ್ನಡ ಅಕ್ಷರದಲ್ಲೇ ಬರೆದಿದ್ದೇನೆ. ಟರ್ಮಿನಲ್‌ನಲ್ಲಿ ಇಂಗ್ಲಿಷ್‌ನಲ್ಲೇ ಟೈಪ್ ಮಾಡಬೇಕು. ದೊಡ್ಡಕ್ಷರ ಬೇಕಾದಲ್ಲಿ ಹೇಳುತ್ತೇನೆ.

ಕೆಳಗಿನ ಪದರ

ಇದನ್ನು ಹೊಸದಾಗಿ ಇನ್‌ಸ್ಟಾಲ್ ಮಾಡುವಾಗಲೇ ಹಾಕಿಸಿಕೊಳ್ಳಿ. ಇನ್‌ಸ್ಟಾಲರ್‌ನಲ್ಲಿ ಡಿಸ್ಕ್ ಎನ್‌ಕ್ರಿಪ್ಟ್ ಮಾಡುವ ಆಯ್ಕೆ ಇರುತ್ತದೆ, ಟಿಕ್ ಹಾಕಿದರೆ ಮುಗಿಯಿತು. ಈಗಾಗಲೇ ಓಡುತ್ತಿರುವ ಸಿಸ್ಟಂ ಅನ್ನು ಅಲ್ಲೇ ಎನ್‌ಕ್ರಿಪ್ಟ್ ಮಾಡಲೂ ದಾರಿ ಇದೆ. ಆದರೆ ಫೈಲ್‌ಸಿಸ್ಟಂ ಕುಗ್ಗಿಸಬೇಕು, ಬೇರೆ ಪೆನ್‌ಡ್ರೈವಿನಿಂದ ಬೂಟ್ ಮಾಡಬೇಕು. ಅಷ್ಟು ತಾಪತ್ರಯಕ್ಕೆ ಹೊಸ ಇನ್‌ಸ್ಟಾಲೇ ವಾಸಿ.

ಪಾಸ್‌ವರ್ಡನ್ನು ಇಂಗ್ಲಿಷ್ ಅಕ್ಷರದಲ್ಲೇ ಇಡಿ. ಬೂಟ್ ಆಗುವ ಹೊತ್ತಿಗೆ ಕನ್ನಡ ಕೀಬೋರ್ಡ್ ಇನ್ನೂ ಎದ್ದಿರುವುದಿಲ್ಲ. ಕನ್ನಡ, ತುಳು, ಕೊಂಕಣಿ ಪದಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆದರೆ ತೊಂದರೆ ಇಲ್ಲ. ಆದರೆ ಗಾದೆಯಾಗಲಿ ಹಾಡಿನ ಸಾಲಾಗಲಿ ಬೇಡ. ನಿಘಂಟಿನ ಪುಟವನ್ನು ಕಣ್ಣು ಮುಚ್ಚಿ ತೆರೆದು ಆರೇಳು ಪದ ಆರಿಸಿಕೊಳ್ಳಿ. ಒಂದಕ್ಕೊಂದು ಸಂಬಂಧ ಇರಬಾರದು.

ಇನ್‌ಸ್ಟಾಲ್ ಆದ ಮೇಲೆ 'ಎಲ್‌ಎಸ್‌ಬಿಎಲ್‌ಕೆ' ಕೊಟ್ಟು ನೋಡಿ. ಪಾರ್ಟಿಷನ್ನಿನ ಕೆಳಗೆ ಕ್ರಿಪ್ಟ್ ಎಂಬ ಬಗೆಯ ಸಾಲೊಂದು ಕಾಣಬೇಕು. ಸ್ವಾಪ್ (ಮೆಮೊರಿ ಸಾಲದಾಗ ಬಳಸುವ ಡಿಸ್ಕಿನ ಜಾಗ) ಕೂಡ ಅದರೊಳಗೇ ಇದೆಯಾ ನೋಡಿ. ಇದು ಮುಖ್ಯ. ಮೆಮೊರಿಯಲ್ಲಿದ್ದದ್ದು ಸ್ವಾಪ್‌ಗೆ ಹೋದರೆ ಅದನ್ನು ಎಫ್‌ಎಸ್‌ಕ್ರಿಪ್ಟ್ ಕಾಯುವುದಿಲ್ಲ, ಕಾಯುವುದು ಈ ಕೆಳಗಿನ ಪದರವೇ. ಆಮೇಲೆ 'ಕ್ರಿಪ್ಟ್‌ಸೆಟಪ್ ಲಕ್ಸ್‌ಡಂಪ್' ಎಂದು ಪಾರ್ಟಿಷನ್ ಹೆಸರಿನ ಜೊತೆ ಕೊಡಿ, ಡಂಪ್‌ನ ಡಿ ದೊಡ್ಡಕ್ಷರ. ವರ್ಷನ್ 2 ಎಂದೂ, ಕೀ ಸ್ಲಾಟಿನಲ್ಲಿ (ಒಂದೊಂದು ಪಾಸ್‌ವರ್ಡಿಗೆ ಇರುವ ಗೂಡು) ಆರ್ಗಾನ್2ಐಡಿ (ಪಾಸ್‌ವರ್ಡ್ ಊಹಿಸುವುದನ್ನು ನಿಧಾನಗೊಳಿಸುವ ವಿಧಾನ) ಎಂದೂ ಬಂದರೆ ಸರಿಯಾಗಿದೆ.

ಕೀಲಿಗಳ ಲೆಕ್ಕ ಇರುವ ಲಕ್ಸ್‌ನ ಹೆಡರ್ ಎನ್‌ಕ್ರಿಪ್ಟ್ ಆದ ಪಾರ್ಟಿಷನ್ನಿನ ಆರಂಭದಲ್ಲಿ ಇರುತ್ತದೆ, ಲಕ್ಸ್2ರಲ್ಲಿ ಸಾಮಾನ್ಯವಾಗಿ 16 ಎಂಬಿ. ಅದು ಹಾಳಾದರೆ ಪಾಸ್‌ವರ್ಡ್ ನೆನಪಿದ್ದೂ ಪ್ರಯೋಜನವಿಲ್ಲ. 'ಲಕ್ಸ್‌ಹೆಡರ್‌ಬ್ಯಾಕಪ್' ಆಜ್ಞೆಯಿಂದ ಪೆನ್‌ಡ್ರೈವಿಗೆ ಒಂದು ಪ್ರತಿ ತೆಗೆಯಿರಿ. ಹೆಡರ್‌ನ ಎಚ್, ಬ್ಯಾಕಪ್‌ನ ಬಿ ದೊಡ್ಡಕ್ಷರ. ಆ ಪೆನ್‌ಡ್ರೈವು ಲ್ಯಾಪ್‌ಟಾಪಿನ ಚೀಲದಲ್ಲಿ ಇರಬಾರದು. ಪಾಸ್‌ವರ್ಡ್ ಬದಲಿಸಿದಾಗ ಹಳೆಯ ಹೆಡರ್ ಪ್ರತಿಯನ್ನು ನಾಶ ಮಾಡಿ. ಇಲ್ಲದಿದ್ದರೆ ಹಳೆಯ ಹೆಡರ್ ಜೊತೆ ಹಳೆಯ ಪಾಸ್‌ವರ್ಡ್ ಈಗಲೂ ಕೆಲಸ ಮಾಡುತ್ತದೆ.

ಬಸ್ಸು ಹತ್ತುವಾಗ ಮುಚ್ಚಳ ಮುಚ್ಚಿ ಚೀಲಕ್ಕೆ ಹಾಕುವ ಅಭ್ಯಾಸ ಎಲ್ಲರಿಗೂ ಇದೆ. ಸಸ್ಪೆಂಡ್ ಆದ ಯಂತ್ರದಲ್ಲಿ ಡಿಸ್ಕಿನ ಕೀಲಿ ಮೆಮೊರಿಯಲ್ಲೇ ಇರುತ್ತದೆ. ಕಾಪುವಿನಲ್ಲೋ ಮೂಲ್ಕಿಯಲ್ಲೋ ಚೀಲ ಕೈಬದಲಾದರೆ ಕಳ್ಳನಿಗೆ ಸಿಗುವುದು ಬೀಗ ತೆರೆದಿರುವ ಡಿಸ್ಕು, ನಡುವೆ ಇರುವುದು ಲಾಗಿನ್ ಪರದೆ ಮಾತ್ರ. ಪ್ರಯಾಣಕ್ಕೆ ಮೊದಲು ಪೂರ್ತಿ ಶಟ್‌ಡೌನ್ ಮಾಡಿ.

ಮೇಲಿನ ಪದರ

ಮೊದಲು ಪ್ಯಾಕೇಜ್ ಹಾಕಿಕೊಳ್ಳಿ. ಕರ್ನಲ್ ಭಾಗಕ್ಕೂ, ಅದನ್ನು ಬಳಸುವ ಸಾಧನಕ್ಕೂ ಹೆಸರು ಒಂದೇ, ಎಫ್‌ಎಸ್‌ಕ್ರಿಪ್ಟ್. ಡೆಬಿಯನ್, ಉಬುಂಟುವಿನಲ್ಲಿ ಇದೇ ಹೆಸರಲ್ಲಿ ಸಿಗುತ್ತದೆ.

ಈಗ ಫೈಲ್‌ಸಿಸ್ಟಂನಲ್ಲಿ ಸೌಲಭ್ಯವನ್ನು ಎಬ್ಬಿಸಬೇಕು. 'ಡಿಎಫ್ /ಹೋಮ್' ಎಂದು ಕೊಟ್ಟರೆ ಅದು ಯಾವ ಸಾಧನದ ಮೇಲಿದೆ ಎಂದು ತೋರಿಸುತ್ತದೆ. /ಡೆವ್/ಮ್ಯಾಪರ್/ ಎಂದು ಶುರುವಾಗುವ ಹೆಸರು ಬರುತ್ತದೆ. ಆ ಹೆಸರನ್ನೇ ಬಳಸಿ: 'ಸುಡೊ ಟ್ಯೂನ್2ಎಫ್‌ಎಸ್ -ಓ ಎನ್‌ಕ್ರಿಪ್ಟ್', ಮುಂದೆ ಆ ಸಾಧನದ ಹೆಸರು. ಓ ದೊಡ್ಡಕ್ಷರ. ಮ್ಯಾಪರ್ ಬದಲು ಮೂಲ ಪಾರ್ಟಿಷನ್ನಿನ ಹೆಸರು ಕೊಟ್ಟರೆ ಬ್ಯಾಡ್ ಮ್ಯಾಜಿಕ್ ನಂಬರ್ ಎಂದು ಬೈಯುತ್ತದೆ. ಅಲ್ಲಿರುವುದು ಲಕ್ಸ್, ಇಎಕ್ಸ್‌ಟಿ4 ಅಲ್ಲವಲ್ಲ. ಬೂಟ್ ಪಾರ್ಟಿಷನ್ನಿಗೆ ಮಾತ್ರ ಈ ಸೌಲಭ್ಯ ಹಾಕಬೇಡಿ, ಬೂಟ್ ಮಾಡಿಸುವ ಗ್ರಬ್ ಪ್ರೋಗ್ರಾಮಿನ ಹಳೆಯ ಆವೃತ್ತಿಗೆ ಅದನ್ನು ಓದಲು ಬರುವುದಿಲ್ಲ.

ಮುಂದೆ 'ಸುಡೊ ಎಫ್‌ಎಸ್‌ಕ್ರಿಪ್ಟ್ ಸೆಟಪ್'. ಹೋಮ್ ಬೇರೆ ಪಾರ್ಟಿಷನ್ ಆಗಿದ್ದರೆ ಅದರ ದಾರಿಯನ್ನೂ ಕೊಟ್ಟು ಇನ್ನೊಮ್ಮೆ. ಫೈಲ್‌ಸಿಸ್ಟಂನ ಬೇರಿನಲ್ಲಿ .ಎಫ್‌ಎಸ್‌ಕ್ರಿಪ್ಟ್ ಎಂಬ ಅಡಗಿದ ಫೋಲ್ಡರ್ ಹುಟ್ಟುತ್ತದೆ. ಮುಂದೆ ಕೀಲಿಗಳೆಲ್ಲ ಎನ್‌ಕ್ರಿಪ್ಟ್ ಆದ ರೂಪದಲ್ಲಿ ಅದರೊಳಗೇ ಇರುತ್ತವೆ. ಅದು ಅಳಿದರೆ ಪಾಸ್‌ವರ್ಡ್ ಇದ್ದೂ ಫೋಲ್ಡರ್ ತೆರೆಯುವುದಿಲ್ಲ. ಎಲ್ಲ ಮುಗಿದ ಮೇಲೆ ಲಕ್ಸ್ ಹೆಡರ್ ಇಟ್ಟ ಪೆನ್‌ಡ್ರೈವಿಗೇ ಇದರದ್ದೂ ಒಂದು ಪ್ರತಿ ಹಾಕಿ.

ಎನ್‌ಕ್ರಿಪ್ಟ್ ಮಾಡಬೇಕಾದ ಫೋಲ್ಡರ್ ಖಾಲಿ ಇರಬೇಕು. ಫೈಲು ಇರುವ ಫೋಲ್ಡರಿಗೆ ಬೀಗ ಬೀಳುವುದಿಲ್ಲ. ಆದ್ದರಿಂದ 'ಕಕ್ಷಿದಾರರು' ಎಂದೋ ಮತ್ತೊಂದೋ ಹೆಸರಿನಲ್ಲಿ ಹೊಸ ಫೋಲ್ಡರ್ ಮಾಡಿ, ಅದರ ಮೇಲೆ 'ಎಫ್‌ಎಸ್‌ಕ್ರಿಪ್ಟ್ ಎನ್‌ಕ್ರಿಪ್ಟ್' ಓಡಿಸಿ. ಸಾಧನ ಆಗ ಒಂದು ಪ್ರಶ್ನೆ ಕೇಳುತ್ತದೆ: ಲಾಗಿನ್ ಪಾಸ್‌ವರ್ಡೇ ಕೀಲಿಯಾಗಲಿಯಾ, ಬೇರೆ ಪಾಸ್‌ವರ್ಡಾ, ಅಥವಾ ಕೀಲಿ ಫೈಲಾ?

ಲಾಗಿನ್ ಪಾಸ್‌ವರ್ಡ್ ಸುಲಭ. ಲಾಗಿನ್ ಆದ ಕೂಡಲೇ ಫೋಲ್ಡರ್ ತಾನಾಗಿ ತೆರೆಯುವಂತೆ ಮಾಡಬಹುದು. ಆದರೂ ಇಂಥ ಕಚೇರಿಗೆ ನಾನು ಹೇಳುವುದು ಬೇರೆ ಪಾಸ್‌ವರ್ಡನ್ನೇ. ಲಾಗಿನ್ ಪಾಸ್‌ವರ್ಡನ್ನು ಗುಮಾಸ್ತನಿಗೆ, ಜೂನಿಯರಿಗೆ, ರಿಪೇರಿಯವನಿಗೆ ಎಲ್ಲರಿಗೂ ಹೇಳಿರುತ್ತೇವೆ. ಜೊತೆಗೆ ಲಾಗಿನ್ ಪಾಸ್‌ವರ್ಡಿನ ಹ್ಯಾಶ್ (ಪಾಸ್‌ವರ್ಡ್ ಸರಿಯಾ ಎಂದು ತಾಳೆ ನೋಡುವ ಗುರುತು) ಸಿಸ್ಟಂನಲ್ಲೇ ಇರುತ್ತದೆ. ರೂಟ್ ಸಿಕ್ಕಿದವನು ಅದನ್ನು ಎತ್ತಿಕೊಂಡು ಹೋಗಿ ಪುರುಸೊತ್ತಿನಲ್ಲಿ ಊಹಿಸುತ್ತಾ ಕೂರಬಹುದು. ಹೋಮ್ ಬೇರೆ ಪಾರ್ಟಿಷನ್ ಆಗಿದ್ದರೆ ಇನ್ನೂ ಒಂದು ತೊಡಕು. ಲಾಗಿನ್ ಪಾಸ್‌ವರ್ಡಿನಿಂದ ಫೋಲ್ಡರಿನ ಕೀಲಿ ಬಿಡಿಸುವ ರಕ್ಷಕ (ಪ್ರೊಟೆಕ್ಟರ್) ಇರುವುದು ಸಿಸ್ಟಂ ಕೂತಿರುವ ರೂಟ್ ಫೈಲ್‌ಸಿಸ್ಟಂನಲ್ಲಿ. ಸಿಸ್ಟಂ ಮರು ಇನ್‌ಸ್ಟಾಲ್ ಮಾಡಿದರೆ ಅದೂ ಹೋಗುತ್ತದೆ.

ಆ ಪಾಸ್‌ವರ್ಡು ಲಕ್ಸ್‌ನದ್ದಕ್ಕಿಂತ ಪೂರ್ತಿ ಬೇರೆಯೇ ಇರಬೇಕು. ಕೊನೆಗೊಂದು ಅಂಕಿ ಸೇರಿಸಿದ್ದು ಬೇರೆ ಅನ್ನಿಸುವುದಿಲ್ಲ. ಕೆಳಗಿನದನ್ನು ಕೊಡಬೇಕಾಗಿ ಬಂದಾಗ ಮೇಲಿನದು ಉಳಿಯಲಿ ಎಂದೇ ತಾನೆ ಇಷ್ಟೆಲ್ಲ ಮಾಡುತ್ತಿರುವುದು?

ಫೈಲುಗಳನ್ನು ಒಳಗೆ ತರುವುದು

ಎಳೆದು ಹಾಕಿದರೂ ಒಳಗೆ ಬರುತ್ತವೆ. ಆದರೆ ಬೀಗವಿಲ್ಲದ ಜಾಗದಿಂದ ಬೀಗ ಇರುವ ಜಾಗಕ್ಕೆ ಹೆಸರು ಬದಲಿಸಿ ಸಾಗಿಸಲು ಕರ್ನಲ್ ಬಿಡುವುದಿಲ್ಲ. ಆಗ ಹಿನ್ನೆಲೆಯಲ್ಲಿ ನಡೆಯುವುದು ಕಾಪಿ ಮಾಡಿ ಹಳೆಯದನ್ನು ಅಳಿಸುವ ಕೆಲಸ. ಹಳೆಯ ಪ್ರತಿಯ ಚೂರುಗಳು ಡಿಸ್ಕಿನ ಖಾಲಿ ಜಾಗದಲ್ಲಿ ಉಳಿಯುತ್ತವೆ. ಡಿಸ್ಕ್ ಕದ್ದವನಿಗೆ ಅದು ಸಿಗದು, ಕೆಳಗೆ ಲಕ್ಸ್ ಇದೆ. ಆದರೆ ಲಕ್ಸ್ ಪಾಸ್‌ವರ್ಡ್ ಪಡೆದ ರಿಪೇರಿಯವನ ಕೈಗೆ ಸಿಗಬಹುದು. ಎಸ್‌ಎಸ್‌ಡಿಯಲ್ಲಿ ಶ್ರೆಡ್ ಆಜ್ಞೆಯಿಂದ ಮೇಲೆ ಬರೆದು ಅಳಿಸಿದರೂ ಭರವಸೆ ಇಲ್ಲ. ಆದ್ದರಿಂದ ಹೊಸ ಇನ್‌ಸ್ಟಾಲ್ ಆದ ಕೂಡಲೇ ಫೋಲ್ಡರ್ ಮಾಡಿ, ಬ್ಯಾಕಪ್‌ನಿಂದ ಫೈಲುಗಳನ್ನು ನೇರ ಅದರೊಳಗೇ ಇಳಿಸಿ. ಬಯಲಲ್ಲಿ ಒಮ್ಮೆಯೂ ಇಡಬೇಡಿ.

ಕನ್ನಡದಲ್ಲಿ ಫೈಲಿಗೆ ಹೆಸರಿಡುವವರಿಗೆ ಒಂದು ಒಳ್ಳೆಯ ಸುದ್ದಿ. ಫೈಲಿನ ಹೆಸರಿಗೆ ಇಎಕ್ಸ್‌ಟಿ4 ಕೊಡುವ ಮಿತಿ 255 ಬೈಟ್. ಕನ್ನಡದ ಒಂದೊಂದು ಚಿಹ್ನೆಗೂ 3 ಬೈಟ್ ಬೇಕು. ಗುಣಿತಕ್ಕೆ ಬೇರೆ, ಒತ್ತಿಗೆ ಬೇರೆ. 'ಮೂಲಗೇಣಿ' ಎಂಬ ನಾಲ್ಕಕ್ಷರಕ್ಕೇ 21 ಬೈಟ್ ಹೋಗುತ್ತದೆ. ಹಿಂದೆ ಉಬುಂಟುವಿನಲ್ಲಿ ಹೋಮ್ ಫೋಲ್ಡರ್ ಎನ್‌ಕ್ರಿಪ್ಟ್ ಮಾಡಲು ಇದ್ದ ಇಕ್ರಿಪ್ಟ್‌ಎಫ್‌ಎಸ್‌ನಲ್ಲಿ ಈ ಮಿತಿ 143 ಬೈಟಿಗೆ ಇಳಿಯುತ್ತಿತ್ತು. ಕಕ್ಷಿದಾರರ ಹೆಸರು, ಊರು, ಕೇಸ್ ನಂಬರ್ ಎಲ್ಲ ಸೇರಿಸಿ ಹೆಸರಿಟ್ಟರೆ ಫೈಲ್ ಸೇವ್ ಆಗುತ್ತಲೇ ಇರಲಿಲ್ಲ. ಎಫ್‌ಎಸ್‌ಕ್ರಿಪ್ಟ್ ಪೂರ್ತಿ 255 ಬೈಟನ್ನೂ ಬಿಟ್ಟುಕೊಡುತ್ತದೆ.

ಲಾಕ್ ಮಾಡಿ ನೋಡುವುದು

'ಎಫ್‌ಎಸ್‌ಕ್ರಿಪ್ಟ್ ಲಾಕ್' ಎಂದು ಫೋಲ್ಡರಿನ ಹೆಸರಿನ ಜೊತೆ ಕೊಡಿ. ಆಮೇಲೆ ಒಳಗೆ ಇಣುಕಿದರೆ ಹೆಸರುಗಳ ಜಾಗದಲ್ಲಿ ಅರ್ಥವಿಲ್ಲದ ಅಕ್ಷರಗಳು ಕಾಣಬೇಕು. ಫೈಲ್ ತೆರೆಯಲು ಹೋದರೆ ಕೀಲಿ ಇಲ್ಲ ಎಂಬ ದೂರು ಬರಬೇಕು. ಗಾತ್ರ, ತಾರೀಕು ಹಾಗೆಯೇ ಕಾಣುತ್ತವೆ, ಗಾಬರಿ ಬೇಡ.

ಕೆಲವೊಮ್ಮೆ ಲಾಕ್ ಅರ್ಧಕ್ಕೇ ನಿಲ್ಲುತ್ತದೆ. ಯಾವುದೋ ಫೈಲ್ ಇನ್ನೂ ತೆರೆದಿದೆ ಎಂದು ಸಾಧನವೇ ಹೇಳುತ್ತದೆ. ಹೆಚ್ಚಿನ ಸಲ ತಪ್ಪಿತಸ್ಥ ಲಿಬ್ರೆ ಆಫೀಸ್, ಇಲ್ಲವೇ ಹಿಂದೆ ಮರೆತುಬಿಟ್ಟ ಪಿಡಿಎಫ್ ಕಿಟಕಿ. ಮುಚ್ಚಿ, ಮತ್ತೆ ಲಾಕ್ ಕೊಡಿ. ನಿಜಕ್ಕೂ ಬೀಗ ಬಿತ್ತಾ ಎಂದು 'ಎಫ್‌ಎಸ್‌ಕ್ರಿಪ್ಟ್ ಸ್ಟೇಟಸ್' ಹೇಳುತ್ತದೆ.

ಸೋರುವ ಜಾಗಗಳೂ ಇವೆ. ಸ್ಕ್ಯಾನ್ ಮಾಡಿದ ಆಧಾರ್ ಪ್ರತಿಯ ಪುಟ್ಟ ಚಿತ್ರ ಹೋಮ್‌ನ ಕ್ಯಾಶೆ ಫೋಲ್ಡರಿನಲ್ಲಿ ಥಂಬ್‌ನೇಲ್ ಆಗಿ ಕೂತಿರುತ್ತದೆ. ಆಟೋಸೇವ್ ಪ್ರತಿಗಳು, ಇತ್ತೀಚೆಗೆ ತೆರೆದ ಫೈಲುಗಳ ಪಟ್ಟಿ, ಡೌನ್‌ಲೋಡ್ಸ್, ಟೆಂಪ್ ಎಲ್ಲವೂ ಬೀಗದ ಹೊರಗೆ. ಥಂಬ್‌ನೇಲ್ ಬರದಂತೆ ಫೈಲ್ ಮ್ಯಾನೇಜರಿನಲ್ಲಿ ಆಫ್ ಮಾಡಿ. ಸ್ಕ್ಯಾನರಿನ ಸೇವ್ ಜಾಗವನ್ನು ಬೀಗದ ಫೋಲ್ಡರಿಗೇ ತಿರುಗಿಸಿ. ಇದು ಕಿರಿಕಿರಿ ಅನ್ನಿಸಿದರೆ ಸೀನಿಯರ್‌ಗೆ ಪ್ರತ್ಯೇಕ ಬಳಕೆದಾರ ಖಾತೆ ಮಾಡಿ ಅವರ ಇಡೀ ಹೋಮ್ ಫೋಲ್ಡರಿಗೇ ಬೀಗ ಹಾಕುವುದು ಸುಲಭ.

ಬ್ಯಾಕಪ್ ತೆಗೆಯುವುದು ಫೋಲ್ಡರ್ ತೆರೆದಿದ್ದಾಗ. ಆಗ ಹೊರಗೆ ಹೋಗುವುದು ಎನ್‌ಕ್ರಿಪ್ಟ್ ಆಗದ ಫೈಲು. ಆದ್ದರಿಂದ ಬ್ಯಾಕಪ್ ಇಡುವ ಹಾರ್ಡ್‌ಡಿಸ್ಕಿಗೂ ಲಕ್ಸ್ ಹಾಕಿ. ಇಲ್ಲದಿದ್ದರೆ ಲ್ಯಾಪ್‌ಟಾಪಿಗೆ ಎರಡು ಬೀಗ, ಬ್ಯಾಕಪ್‌ಗೆ ಒಂದೂ ಇಲ್ಲ.

ರಿಪೇರಿಗೆ ಕೊಡುವಾಗ

ಡಿಸ್ಕ್ ತೆಗೆಯಲು ಬರುವಂತಿದ್ದರೆ ತೆಗೆದಿಟ್ಟುಕೊಂಡೇ ಕೊಡಿ. ಹೆಚ್ಚಿನ ಲ್ಯಾಪ್‌ಟಾಪಿನಲ್ಲಿ ಎಂ.2 ಎಸ್‌ಎಸ್‌ಡಿಯನ್ನು ಹಿಡಿದಿರುವುದು ಒಂದೇ ಸ್ಕ್ರೂ. ಬೋರ್ಡಿಗೇ ಬೆಸೆದಿದ್ದರೆ ಹೀಗೆ ಮಾಡಿ. 'ಲಕ್ಸ್‌ಆಡ್‌ಕೀ' ಆಜ್ಞೆಯಿಂದ ತಾತ್ಕಾಲಿಕ ಪಾಸ್‌ವರ್ಡೊಂದನ್ನು ಸೇರಿಸಿ, ಆಡ್‌ನ ಎ ಮತ್ತು ಕೀಯ ಕೆ ದೊಡ್ಡಕ್ಷರ. ಲಕ್ಸ್2ರಲ್ಲಿ 32 ಸ್ಲಾಟ್ ಇರುವುದರಿಂದ ಜಾಗಕ್ಕೆ ಬರವಿಲ್ಲ. ಅಂಗಡಿಗೆ ಒಂದು ಸಾಮಾನ್ಯ ಬಳಕೆದಾರ ಖಾತೆಯನ್ನೂ ಮಾಡಿಕೊಡಿ. ಫೋಲ್ಡರ್ ಲಾಕ್ ಮಾಡಿ, ಶಟ್‌ಡೌನ್ ಮಾಡಿ, ಆಮೇಲೆ ಕೊಡಿ.

ವಾಪಸ್ ಬಂದ ಮೇಲೆ 'ಲಕ್ಸ್‌ರಿಮೂವ್‌ಕೀ' ಕೊಟ್ಟು ಆ ಪಾಸ್‌ವರ್ಡನ್ನು ತೆಗೆಯಿರಿ. ರಿಮೂವ್‌ನ ಆರ್, ಕೀಯ ಕೆ ದೊಡ್ಡಕ್ಷರ. ಸಾಮಾನ್ಯವಾಗಿ ಇಷ್ಟು ಸಾಕು. ಆದರೆ ಪಾಸ್‌ವರ್ಡ್ ಗೊತ್ತಿದ್ದವನು ಡಿಸ್ಕಿನ ಮೂಲ ಕೀಲಿಯನ್ನೇ ನಕಲು ಮಾಡಿಟ್ಟುಕೊಳ್ಳಬಹುದು, ಮೂಲ ಕೀಲಿ ಪಾಸ್‌ವರ್ಡ್ ತೆಗೆದರೆ ಬದಲಾಗುವುದಿಲ್ಲ. ಅಷ್ಟು ಅನುಮಾನ ಇದ್ದರೆ ಚಾರ್ಜರ್ ಹಾಕಿಟ್ಟು 'ಕ್ರಿಪ್ಟ್‌ಸೆಟಪ್ ರೀಎನ್‌ಕ್ರಿಪ್ಟ್' ಓಡಿಸಿ. ಇಡೀ ಡಿಸ್ಕು ಹೊಸ ಕೀಲಿಗೆ ಬದಲಾಗುತ್ತದೆ. ಗಂಟೆಗಟ್ಟಲೆ ಹಿಡಿಯಬಹುದು, ನಡುವೆ ನಿಂತರೆ ಲಕ್ಸ್2 ಅಲ್ಲಿಂದಲೇ ಮುಂದುವರಿಸುತ್ತದೆ. ಮುಗಿದ ಮೇಲೆ ಹೆಡರ್‌ನ ಹೊಸ ಪ್ರತಿ ತೆಗೆದು ಹಳೆಯದನ್ನು ಅಳಿಸಿ.

ಅಂಗಡಿಯಲ್ಲಿದ್ದಾಗ ಯಾರಾದರೂ ಕೀಬೋರ್ಡಿನಲ್ಲಿ ಒತ್ತಿದ್ದನ್ನೆಲ್ಲ ಬರೆದಿಡುವ ಪ್ರೋಗ್ರಾಂ ತುರುಕಿದ್ದರೆ, ನೀವು ಮುಂದಿನ ಸಲ ಫೋಲ್ಡರ್ ತೆರೆದಾಗ ಆ ಪಾಸ್‌ವರ್ಡೂ ಹೋಗುತ್ತದೆ. ಅದನ್ನು ಈ ಎರಡು ಪದರಗಳೂ ತಡೆಯಲಾರವು. ಅಷ್ಟು ಭಯ ಇರುವ ಕೇಸಿನ ಕಾಗದಗಳು ಒಳಗಿದ್ದರೆ, ಆ ಯಂತ್ರದಲ್ಲಿ ಫೋಲ್ಡರ್ ತೆರೆಯುವ ಮೊದಲೇ ಸಿಸ್ಟಂ ಪೂರ್ತಿ ಅಳಿಸಿ, ಹೊಸದಾಗಿ ಹಾಕಿ, ಫೈಲುಗಳನ್ನು ಬ್ಯಾಕಪ್‌ನಿಂದ ಇಳಿಸಿಕೊಳ್ಳಿ.